ಕೊಪ್ಪರಿಗೆ ಇನ್ನೂ ಒಲೆಯ ಮೇಲಿದೆ

ಬಾಗಿಲಿಗೆ ಬೆನ್ನು ಹಾಕಿ ಕೂರಬೇಡಿ. ಇವತ್ತು ರಾತ್ರಿ ಇಲ್ಲಿ ಯಾರೂ ಹಾಗೆ ಕೂರುವುದಿಲ್ಲ.

ಒಲೆಯ ಆಚೆ ಬದಿಗೆ ಬನ್ನಿ, ಜಾಗ ಮಾಡಿಕೊಡುತ್ತಾರೆ. ನಡುಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದೆ, ಒಳಗಿನ ಮಾಂಸ ಇನ್ನೂ ಬೆಂದಿಲ್ಲ. ಸೌದೆಯ ಹೊಗೆ, ಒದ್ದೆ ಉಣ್ಣೆಯ ವಾಸನೆ, ಕಾಲ ಬಳಿ ಮುದುಡಿ ಮಲಗಿದ ನಾಯಿಯ ಮೈಬಿಸಿ. ಎದುರಿಗೆ ಕೂತವನು ಆಲಿಲ್, ಐರ್ಲೆಂಡಿನ ಪಶ್ಚಿಮದ ಕೊನಾಖ್ತ್ ನಾಡಿನ ರಾಜ. ಆದರೆ ಮನೆಯವರೆಲ್ಲರ ಕಣ್ಣು ಆಗಾಗ ಹೊರಳುವುದು ಅವನ ಪಕ್ಕಕ್ಕೆ, ರಾಣಿ ಮೇವ್ ಕೂತಿರುವಲ್ಲಿಗೆ. ಅವಳ ಹೆಸರಿಗೆ ಮತ್ತೇರಿಸುವವಳು ಎಂದರ್ಥ. ಜೇನಿನಿಂದ ಮಾಡುವ ಮದ್ಯದ ಹೆಸರು ಹುಟ್ಟಿದ ಬೇರಿನಿಂದಲೇ ಅವಳ ಹೆಸರೂ ಹುಟ್ಟಿತು. ನಮ್ಮ ನಾಲಿಗೆಯ 'ಮಧು'ವೂ ಅದೇ ಬೇರಿನದು. ಈ ಮನೆಯಲ್ಲಿ ನಿಮ್ಮ ಕಿವಿಗೆ ಗುರುತು ಸಿಗುವ ಮಾತು ಬಹುಶಃ ಇದೊಂದೇ. ನೆನಪಿಟ್ಟುಕೊಳ್ಳಿ, ಹೊರಗೆ ಕತ್ತಲು ಬಹಳ ಇದೆ.

ಇದು ಸೌವಿನ್ ರಾತ್ರಿ. ಬೇಸಿಗೆ ಮುಗಿದು ಚಳಿಗಾಲ ಹೊಸ್ತಿಲು ದಾಟುವ ಸಂಧಿ, ನವೆಂಬರ್ 1ರ ಹಿಂದಿನ ಇರುಳು. ಬೇಸಿಗೆಯ ಹುಲ್ಲುಗಾವಲಿನಿಂದ ದನಗಳು ಮನೆಗೆ ಮರಳಿವೆ. ಎರಡು ಋತುಗಳ ನಡುವಿನ ಬಿರುಕಿನಂಥ ಈ ರಾತ್ರಿ ನೆಲದೊಳಗಿನ ಮನೆಗಳ ಬಾಗಿಲು ತೆರೆದುಕೊಳ್ಳುತ್ತವೆ. ಆ ಮನೆಗಳಿಗೆ 'ಶೀ' ಎಂದು ಹೆಸರು. ದಿಬ್ಬ ಎಂದರೂ ಶೀ, ದಿಬ್ಬದೊಳಗಿನ ಲೋಕ ಎಂದರೂ ಶೀ. ಹಳೆಯ ಐರಿಷ್ ಭಾಷೆಯಲ್ಲಿ ಶಾಂತಿ ಎಂಬುದಕ್ಕೂ ಇದೇ ಪದವಿತ್ತು.

ಆಲಿಲ್ ಮಾತು ತೆಗೆಯುತ್ತಾನೆ. ನಿನ್ನೆ ಇಬ್ಬರು ಸೆರೆಯಾಳುಗಳನ್ನು ನೇಣಿಗೆ ಹಾಕಿದ್ದಾರೆ, ಹೆಣಗಳು ಹೊರಗೆ ಇನ್ನೂ ತೂಗುತ್ತಿವೆ. ಅವರಲ್ಲೊಬ್ಬನ ಕಾಲಿಗೆ ಎಳೆಕಡ್ಡಿ ಹೊಸೆದ ಕುಣಿಕೆ ತೊಡಿಸಿ ಬಂದವನಿಗೆ ಬಹುಮಾನ. ಇಷ್ಟೇ ಕೆಲಸ. ಹಗಲಾಗಿದ್ದರೆ ಮಕ್ಕಳೂ ಮಾಡಿ ಬರುತ್ತಿದ್ದರು.

ಒಬ್ಬ ಎದ್ದು ಹೋಗುತ್ತಾನೆ, ಸ್ವಲ್ಪ ಹೊತ್ತಿಗೇ ಮರಳುತ್ತಾನೆ. ಏನನ್ನೂ ಹೇಳದೆ ತನ್ನ ಜಾಗದಲ್ಲಿ ಕೂರುತ್ತಾನೆ. ಇನ್ನೊಬ್ಬ ಹೋಗುತ್ತಾನೆ, ಅವನೂ ಮರಳುತ್ತಾನೆ. ಯಾರೂ ನಗುವುದಿಲ್ಲ.

"ಆ ಬಹುಮಾನ ನನ್ನದು" ಎನ್ನುತ್ತಾನೆ ಮನೆಯವರಲ್ಲೊಬ್ಬನಾದ ನೆರಾ.

"ಗೆದ್ದು ಬಾ. ಚಿನ್ನದ ಹಿಡಿಯ ನನ್ನ ಈ ಕತ್ತಿ ನಿನ್ನದು" ಎನ್ನುತ್ತಾನೆ ಆಲಿಲ್.

ನೆರಾ ಕವಚ ತೊಡುತ್ತಾನೆ. ಏಳಿ, ಅವನ ಹಿಂದೆ ಹೋಗೋಣ. ಹೋಗುವ ಮುನ್ನ ಕೊಪ್ಪರಿಗೆಯತ್ತ ಒಮ್ಮೆ ನೋಡಿಕೊಳ್ಳಿ. ನೊರೆ ಎಲ್ಲಿಯವರೆಗೆ ಏರಿದೆ, ಒಲೆಯಲ್ಲಿ ಯಾವ ಕೊಳ್ಳಿ ಅರ್ಧ ಉರಿದಿದೆ, ಎಲ್ಲ ಗಮನದಲ್ಲಿರಲಿ.

ಕತ್ತಲು ಎಷ್ಟೆಂದರೆ ಮುಂದಿನ ಹೆಜ್ಜೆಯನ್ನು ಕಾಲೇ ಹುಡುಕಿಕೊಳ್ಳಬೇಕು. ಗಾಳಿಯಲ್ಲಿ ಹಗ್ಗ ಕಿರುಗುಟ್ಟುವುದು ಮೊದಲು ಕೇಳುತ್ತದೆ, ಆಮೇಲೆ ಹೆಣದ ಪಾದ ಕೈಗೆ ತಾಗುತ್ತದೆ. ನೆರಾ ಕುಣಿಕೆ ತೊಡಿಸುತ್ತಾನೆ, ಅದು ಚಿಮ್ಮಿ ಬಿಚ್ಚಿಕೊಳ್ಳುತ್ತದೆ. ಮತ್ತೆ ತೊಡಿಸುತ್ತಾನೆ, ಮತ್ತೆ ಬಿಚ್ಚುತ್ತದೆ. ಮೂರನೆಯ ಸಲವೂ ಅಷ್ಟೇ. ಆಗ ಮೇಲಿನಿಂದ ದನಿ ಬರುತ್ತದೆ: ಸರಿಯಾಗಿ ಬೆಣೆ ಹೊಡೆಯದಿದ್ದರೆ ಬೆಳಗಿನ ತನಕ ಹೆಣಗಿದರೂ ಅದು ನಿಲ್ಲುವುದಿಲ್ಲ. ಬುದ್ಧಿ ಹೇಳುತ್ತಿರುವುದು ಹೆಣ. ನೆರಾ ಬೆಣೆ ಹೊಡೆಯುತ್ತಾನೆ, ಕುಣಿಕೆ ನಿಲ್ಲುತ್ತದೆ.

"ಭಲೇ ನೆರಾ, ನೀನು ಗಂಡು" ಎನ್ನುತ್ತದೆ ಹೆಣ. "ನಿನ್ನ ಶೌರ್ಯದಾಣೆ, ನನ್ನನ್ನು ಹೆಗಲ ಮೇಲೆ ಹೊತ್ತು ನೀರಿರುವ ಕಡೆ ಕರೆದುಕೊಂಡು ಹೋಗು. ನೇಣಿಗೆ ಏರಿಸುವಾಗ ನನಗೆ ಬಹಳ ಬಾಯಾರಿತ್ತು."

ಹೆಗಲ ಮೇಲೆ ಹೆಣ ಎಂದೊಡನೆ ನಿಮಗೆ ಬೇತಾಳ ನೆನಪಾಗುತ್ತಾನೆ, ನನಗೂ ಹಾಗೇ ಆಯಿತು. ಆದರೆ ಬೇತಾಳ ಕಥೆ ಹೇಳಿ ರಾಜನ ವಿವೇಕವನ್ನು ಪರೀಕ್ಷಿಸುತ್ತಾನೆ. ಈ ಹೆಣಕ್ಕೆ ಅಂಥ ಯಾವ ಉದ್ದೇಶವೂ ಇಲ್ಲ, ಅದಕ್ಕೆ ದಾಹವಾಗಿದೆ. ಈ ಕಥೆಯನ್ನು ಎಷ್ಟು ಸಲ ಓದಿದರೂ ಆ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಸಾಯುವ ಹೊತ್ತಿನ ಬಾಯಾರಿಕೆ ಸತ್ತ ಮೇಲೂ ಉಳಿದಿದೆ.

ಮೊದಲ ಮನೆ ಕಾಣುತ್ತದೆ, ಅದರ ಸುತ್ತ ಬೆಂಕಿಯ ಕೆರೆ. ಇಲ್ಲಿ ನಮಗೆ ಕುಡಿಯಲು ಸಿಗುವುದಿಲ್ಲ ಎನ್ನುತ್ತದೆ ಹೆಣ. ಈ ಮನೆಯವರು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚದೆ ಮಲಗುವವರಲ್ಲ. ಎರಡನೆಯ ಮನೆಯ ಸುತ್ತ ನೀರಿನ ಕೆರೆ. ಅಲ್ಲಿಗೂ ಹೋಗುವಂತಿಲ್ಲ; ಕೈಕಾಲು ತೊಳೆದ ನೀರು, ಮೈ ತೊಳೆದ ನೀರು, ಮುಸುರೆ, ಯಾವುದನ್ನೂ ಆ ಮನೆಯವರು ರಾತ್ರಿಗೆ ಉಳಿಸುವುದಿಲ್ಲ. ಮೂರನೆಯ ಮನೆಯ ಸುತ್ತ ಏನೂ ಇಲ್ಲ. ಒಳಗೆ ಬಾನಿಗಳಲ್ಲಿ ಹಾಗೇ ಬಿಟ್ಟ ನೀರು, ನೆಲದ ಮೇಲೆ ಮುಸುರೆ ಪಾತ್ರೆ. ಹೆಣ ಇಳಿಯುತ್ತದೆ, ಬಗ್ಗಿ ಕುಡಿಯುತ್ತದೆ. ಕೊನೆಯ ಗುಟುಕನ್ನು ಮಲಗಿದವರ ಮುಖಕ್ಕೆ ಉಗಿಯುತ್ತದೆ. ಅವರು ಮತ್ತೆ ಏಳುವುದಿಲ್ಲ.

ಮುಸುರೆ ಇಟ್ಟುಕೊಂಡು ಮಲಗಬಾರದೆಂಬ ಮಾತು ನಮ್ಮ ಅಡುಗೆಮನೆಗಳಿಗೂ ಹೊಸದಲ್ಲ. ಆದರೆ ಇಲ್ಲಿ ಅದನ್ನು ಹೇಳುತ್ತಿರುವುದು ಆ ಬಾಗಿಲಿಂದ ಒಳಗೆ ಬರುವವನೇ.

ನೆರಾ ಹೆಣವನ್ನು ಮತ್ತೆ ಹೊತ್ತು ನೇಣುಗಂಬಕ್ಕೆ ಮುಟ್ಟಿಸಿ ಕೋಟೆಯತ್ತ ತಿರುಗುತ್ತಾನೆ. ಅಲ್ಲಿ ಕೋಟೆ ಇಲ್ಲ. ನಾವು ಕೂತಿದ್ದ ಮನೆ ಉರಿದು ಬಿದ್ದಿದೆ. ಅಂಗಳದಲ್ಲಿ ಕಡಿದ ತಲೆಗಳ ರಾಶಿ, ಎಲ್ಲವೂ ಪರಿಚಯದ ಮುಖಗಳು. ದೂರದಲ್ಲಿ ಸೈನ್ಯವೊಂದು ಸಾಲಾಗಿ ಸರಿದುಹೋಗುತ್ತಿದೆ. ನೆರಾ ಅಳುವುದಿಲ್ಲ, ಕೂಗುವುದಿಲ್ಲ, ಸಾಲಿನ ತುದಿಗೆ ಸೇರಿಕೊಳ್ಳುತ್ತಾನೆ. ಕೊನೆಯವನು ಮುಂದಿನವನಿಗೆ ಹೇಳುತ್ತಾನೆ, ನಮ್ಮ ಜಾಡಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ಅದಕ್ಕೇ ಜಾಡು ಭಾರವಾಗಿದೆ ಎನ್ನುತ್ತಾನೆ ಅವನು. ಆ ಮಾತು ಒಬ್ಬರಿಂದೊಬ್ಬರಿಗೆ ಸಾಲಿನ ಮುಂದಿನ ತನಕ ಹೋಗುತ್ತದೆ. ಬದುಕಿರುವವನ ಹೆಜ್ಜೆಗೆ ಮಾತ್ರ ತೂಕವಿದೆ. ನಿಮ್ಮ ಹೆಜ್ಜೆಗೂ ಇದೆ, ಮೆಲ್ಲಗೆ ನಡೆಯಿರಿ.

ಸೈನ್ಯ ಗವಿಯೊಳಗೆ ಇಳಿಯುತ್ತದೆ.

ಈ ಗವಿ ಇವತ್ತಿಗೂ ಇದೆ, ಆದ್ದರಿಂದ ನಿಮ್ಮನ್ನು ನಿಜವಾಗಿಯೇ ಒಳಗೆ ಇಳಿಸಬಲ್ಲೆ. ರಾಸ್‌ಕಾಮನ್ ಕೌಂಟಿಯ ಟಲ್ಸ್ಕ್ ಎಂಬ ಊರಿನ ಹತ್ತಿರ ರಾತ್‌ಕ್ರೋಹನ್ ಇದೆ. ಕಥೆಯಲ್ಲಿ ಆಲಿಲ್ ಮೇವರ ಕೋಟೆಯಿರುವ ಕ್ರೂವಖನ್ ಅದೇ. ದನ ಮೇಯುವ ಹಸಿರು ಬಯಲಿನ ನಡುವೆ ಹುಲ್ಲು ಬೆಳೆದ ದುಂಡನೆಯ ದಿಬ್ಬ, ಸುಮಾರು 90 ಮೀಟರ್ ಅಗಲ, 5-6 ಮೀಟರ್ ಎತ್ತರ. ಮೊದಲ ನೋಟಕ್ಕೆ ಏನೂ ಅನ್ನಿಸುವುದಿಲ್ಲ. ಮಣ್ಣು ಅಗೆಯದೆ ಉಪಕರಣಗಳಿಂದ ನೆಲದೊಳಗನ್ನು ಪರೀಕ್ಷಿಸಿದ ಗಾಲ್ವೇ ವಿಶ್ವವಿದ್ಯಾಲಯದ ಪುರಾತತ್ವಜ್ಞರಿಗೆ ಮಾತ್ರ ಈ ದಿಬ್ಬವನ್ನು ಸುತ್ತುವರಿದ, ಸುಮಾರು 360 ಮೀಟರ್ ಅಗಲದ ವೃತ್ತಾಕಾರದ ಆವರಣ ಕಂಡಿತು. ದಿಬ್ಬದಿಂದ ಸ್ವಲ್ಪ ದೂರ ನಡೆದರೆ ಹೊಲದ ಅಂಚಿನಲ್ಲಿ, ಪೊದೆಯ ಬುಡದಲ್ಲಿ, ಒಂದು ಕಿಂಡಿ. ಇದು ಓವಿನಗಟ್, ಅಂದರೆ ಬೆಕ್ಕುಗಳ ಗವಿ.

ಬಾಗಿ. ಇನ್ನೂ ಬಾಗಿ. ಮಂಡಿಯೂರಿ, ಕಾಲು ಮುಂದೆ ಚಾಚಿ ಜಾರಿಕೊಳ್ಳಿ. ಮೊದಲು ಮನುಷ್ಯರು ಕಲ್ಲು ಜೋಡಿಸಿ ಕಟ್ಟಿದ ಗಿಡ್ಡ ಸುರಂಗ ಸಿಗುತ್ತದೆ. ಅದರ ಮೇಲಿನ ಅಡ್ಡಗಲ್ಲೊಂದರ ಅಂಚನ್ನು ಬೆರಳಿನಿಂದ ಸವರಿ. ಸಾಲು ಗೀರುಗಳು ಸಿಗುತ್ತವೆ. ಅದು ಓಘಂ ಲಿಪಿ, ಕಲ್ಲಿನ ಅಂಚಿನುದ್ದಕ್ಕೂ ಗೀರು ಹಾಕಿ ಬರೆಯುವ ಐರಿಷ್ ಬರಹ. ಅಲ್ಲಿ ಬರೆದಿರುವುದು ಮೇವ್ ಎಂಬ ಹೆಸರಿನ ವ್ಯಕ್ತಿಯ ಮಗ ಫ್ರೈಖ್‌ನ ಹೆಸರು. ಕಲ್ಲಿನ ಮೇವ್ ಕಥೆಯ ರಾಣಿಯೇ ಎಂದು ಪಟ್ಟು ಹಿಡಿಯಬೇಕಾಗಿಲ್ಲ. ಆ ಹೆಸರು ಈ ಬಾಗಿಲಲ್ಲಿ ಕೆತ್ತಿದೆ ಎಂಬುದಷ್ಟೇ ನನಗೆ ಸಾಕು.

ಕಟ್ಟಿದ ಸುರಂಗ ಮುಗಿಯುತ್ತದೆ, ಸುಣ್ಣಕಲ್ಲಿನ ಸಹಜ ಬಿರುಕು ಶುರುವಾಗುತ್ತದೆ. ಸುಮಾರು 37 ಮೀಟರ್ ಉದ್ದದ ಇಕ್ಕಟ್ಟಾದ ಓಣಿ. ಕಾಲಡಿ ಪಾದ ಹೂತುಹೋಗುವ ಕೆಸರು, ಗೋಡೆಗಳಲ್ಲಿ ಜಿನುಗುವ ನೀರು. ಈಗ ದೀಪ ಆರಿಸಿ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಹೊರಗೆ ಯಾವ ಋತುವಿದ್ದರೂ ಇಲ್ಲಿಯ ತಂಪು ಬದಲಾಗುವುದಿಲ್ಲ. ಹೊರಗೆ ಕೊರೆಯುವಾಗ ಇಲ್ಲಿ ಬೆಚ್ಚಗೆನಿಸುತ್ತದೆ.

ಹಳೆಯ ಕಥೆಗಳ ಪ್ರಕಾರ ಈ ಬಾಯಿಂದ ಬಹಳಷ್ಟು ಹೊರಬಂದಿದೆ. ಮೂರು ತಲೆಯ ಪ್ರಾಣಿ ಬಂದು ನಾಡನ್ನು ಹಾಳುಮಾಡಿತು. ಉಸಿರು ತಾಕಿದ್ದನ್ನೆಲ್ಲ ಒಣಗಿಸುವ ಕೆಂಪು ಹಕ್ಕಿಗಳು ಬಂದವು. ಎಣಿಸಲಾಗದ ಹಂದಿಗಳು ಬಂದವು. ಒಂದರ ಕಾಲನ್ನು ಮೇವ್ ಗಬಕ್ಕನೆ ಹಿಡಿದರೆ ಅವಳ ಕೈಯಲ್ಲಿ ಚರ್ಮವಷ್ಟೇ ಉಳಿಯಿತು. ಅಲ್ಸ್ಟರ್ ನಾಡಿನ ಮೂವರು ವೀರರಲ್ಲಿ ಯಾರು ಹೆಚ್ಚೆಂದು ತಿಳಿಯಲು ಒಂದು ರಾತ್ರಿ ಮೂರು ಬೆಕ್ಕುಗಳನ್ನು ಇಲ್ಲಿಂದಲೇ ಬಿಟ್ಟರು. ಇಬ್ಬರು ಊಟ ಬಿಟ್ಟು ಮಾಡಿನ ತೊಲೆಗೇರಿದರು. ಕೂ ಖುಲಿನ್ ಒಬ್ಬನೇ ಬೆಕ್ಕಿನ ಎದುರು ಕತ್ತಿ ಹಿಡಿದು, ಉಣ್ಣದೆ, ನಿದ್ದೆ ಮಾಡದೆ, ಬೆಳಗಿನ ತನಕ ಕೂತ.

ಕ್ರೈಸ್ತ ಬರಹಗಾರರು ಇದನ್ನು ಐರ್ಲೆಂಡಿನ ನರಕದ್ವಾರ ಎಂದು ಕರೆದರು. ಆ ಹೆಸರನ್ನು ನಾನು ಒಪ್ಪಲಾರೆ. ನೆರಾನ ಜೊತೆ ಒಳಗೆ ಹೋಗಿ ನೋಡಿದವರಾರೂ ಒಪ್ಪಲಾರರು. ಅಲ್ಲಿ ಶಿಕ್ಷೆಯಿಲ್ಲ, ಸತ್ತವರ ಲೆಕ್ಕಪತ್ರವಿಲ್ಲ. ಅಲ್ಲಿರುವುದು ಮನೆಗೆಲಸ.

ನೋಡಿ. ಶೀ ಲೋಕದ ರಾಜನ ಮುಂದೆ ತಲೆಗಳನ್ನು ಇಡುತ್ತಾರೆ. ಅವನು ನೆರಾನನ್ನು ಹತ್ತಿರ ಕರೆದು ಏಕೆ ಬಂದೆ ಎಂದು ಕೇಳುತ್ತಾನೆ. ನಿನ್ನ ಸೈನ್ಯದ ಜೊತೆ ಬಂದೆ ಎನ್ನುತ್ತಾನೆ ನೆರಾ. ಸರಿ ಹಾಗಾದರೆ. ಆ ಮನೆಯಲ್ಲಿ ಒಂಟಿ ಹೆಂಗಸಿದ್ದಾಳೆ, ಅಲ್ಲಿಗೆ ಹೋಗು. ದಿನಕ್ಕೊಂದು ಹೊರೆ ಸೌದೆ ಅರಮನೆಗೆ ತಂದುಹಾಕು.

ಅಷ್ಟೇ. ಪಾತಾಳಕ್ಕಿಳಿದ ವೀರನಿಗೆ ಸಿಕ್ಕಿದ್ದು ಒಂದು ಮನೆ, ಒಬ್ಬಳು ಹೆಂಡತಿ, ಒಂದು ಸೌದೆ ಹೊರೆ. ಆ ಹೆಂಗಸಿನ ಹೆಸರನ್ನು ಕಥೆ ಹೇಳುವುದೇ ಇಲ್ಲ. ಇಡೀ ಕಥೆಯಲ್ಲಿ ನಡೆಯುತ್ತಿರುವುದೇನೆಂದು ಬಲ್ಲವಳು ಅವಳೊಬ್ಬಳೇ.

ಸೌದೆ ಹೊರುವಾಗ ನೆರಾ ದಿನವೂ ಒಂದು ನೋಟ ಕಾಣುತ್ತಾನೆ. ಕುರುಡನೊಬ್ಬ ಕುಂಟನನ್ನು ಹೆಗಲ ಮೇಲೆ ಹೊತ್ತು ಕೋಟೆಯ ಮುಂದಿನ ಬಾವಿಯ ದಂಡೆಗೆ ಬರುತ್ತಾನೆ.

"ಇದೆಯೇ?" ಎಂದು ಕುರುಡ ಕೇಳುತ್ತಾನೆ.

"ಇದೆ" ಎನ್ನುತ್ತಾನೆ ಕುಂಟ. "ನಡಿ ಹೋಗೋಣ."

ಏನದು ಎಂದು ನೆರಾ ಹೆಂಡತಿಯನ್ನು ಕೇಳುತ್ತಾನೆ. ಬಾವಿಯಲ್ಲಿರುವುದು ಚಿನ್ನದ ಮುಕುಟ, ರಾಜ ತಲೆಗೆ ಧರಿಸುವಂಥದ್ದು. ಅದರ ಕಾವಲಿಗೆ ರಾಜ ನಂಬಿದ್ದು ಆ ಇಬ್ಬರನ್ನು. ಒಬ್ಬನ ಕಣ್ಣು ಕೀಳಿಸಿದ್ದಾರೆ, ಇನ್ನೊಬ್ಬನ ಕಾಲು ಮುರಿಸಿದ್ದಾರೆ. ನಂಬಿಕೆಯ ಬೆಲೆ ಇಲ್ಲಿ ಹೀಗಿದೆ.

ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ನೆರಾ ಬಾಯಿಬಿಡುತ್ತಾನೆ. ನನ್ನ ಕಣ್ಣೆದುರಿಗೇ ಕ್ರೂವಖನ್ ಸುಟ್ಟುಹೋಯಿತು, ಆಲಿಲ್ ಮೇವ್ ಎಲ್ಲರೂ ಸತ್ತರು. ಹೆಂಗಸು ತಲೆಯಾಡಿಸುತ್ತಾಳೆ. ಅದು ಇನ್ನೂ ಆಗಿಲ್ಲ. ನಿನಗೆ ಕಂಡದ್ದು ನೆರಳಿನ ಸೈನ್ಯ. ಹೋಗಿ ಎಚ್ಚರಿಸದಿದ್ದರೆ ಮುಂದಿನ ಸೌವಿನ್‌ಗೆ ಅದು ನಿಜವಾಗುತ್ತದೆ.

"ಏಳು, ಹೋಗು" ಎನ್ನುತ್ತಾಳೆ. "ಅವರು ಇನ್ನೂ ಅದೇ ಕೊಪ್ಪರಿಗೆಯ ಸುತ್ತ ಕೂತಿದ್ದಾರೆ. ಅದನ್ನು ಇನ್ನೂ ಒಲೆಯಿಂದ ಇಳಿಸಿಲ್ಲ."

ಇಲ್ಲಿ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ. ಬೇರೆ ಲೋಕಕ್ಕೆ ಹೋಗಿ ಬಂದವರ ಐರಿಷ್ ಕಥೆಗಳಲ್ಲಿ ಕಾಲ ಸಾಮಾನ್ಯವಾಗಿ ಇದರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಬ್ರಾನ್ ಎಂಬವನು ಕಡಲಾಚೆಯ ಹೆಂಗಸರ ದ್ವೀಪಕ್ಕೆ ಹೋದ. ಅಲ್ಲಿ ಒಂದು ವರ್ಷವೆನಿಸಿದ್ದು ಇಲ್ಲಿ ಎಷ್ಟೋ ತಲೆಮಾರುಗಳಾಗಿದ್ದವು. ಮನೆಯ ನೆನಪು ತಾಳದೆ ಅವನ ಸಂಗಡಿಗನೊಬ್ಬ ದೋಣಿಯಿಂದ ಐರ್ಲೆಂಡಿನ ದಡಕ್ಕೆ ಹಾರಿದ. ನೆಲ ಮುಟ್ಟಿದೊಡನೆ ಬೂದಿಯಾದ. ನೆರಾನ ಕಥೆಯಲ್ಲಿ ಮೂರು ದಿನದ ಸಂಸಾರ ಮುಗಿದರೂ ಇಲ್ಲಿ ಮಾಂಸ ಬೆಂದಿಲ್ಲ. ಎರಡು ಲೋಕಗಳ ನಡುವೆ ಈ ಜನ ಕಂಡ ದೂರ ಕಾಲದ್ದು. ಜಾಗ ಒಂದೇ, ಅದೇ ಹೊಲ, ಅದೇ ದಿಬ್ಬ.

ಬಾಯ್ನ್ ನದಿಯ ದಂಡೆಯ ಬ್ರೂ ಎಂಬ ಮಹಾದಿಬ್ಬದ ಕಥೆಯೂ ಇದನ್ನೇ ಹೇಳುತ್ತದೆ. ಇಂದು ನ್ಯೂಗ್ರೇಂಜ್ ಎಂದು ಕರೆಯುವ ಅದು ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ ಸಮಾಧಿ. ಚಳಿಗಾಲದ ಅತಿ ಗಿಡ್ಡ ಹಗಲಿನ ಸೂರ್ಯೋದಯದಲ್ಲಿ ಬಿಸಿಲಿನ ಕೋಲೊಂದು ಅದರ ಗರ್ಭದ ತನಕ ಹೋಗುತ್ತದೆ. ದೇವರುಗಳ ಹಿರಿಯ ದಗ್ದಾ ಶೀಗಳನ್ನು ಹಂಚುವಾಗ ಮಗ ಇಂಗಸ್‌ಗೆ ಏನೂ ಉಳಿಯಲಿಲ್ಲ. ಅವನು ಬ್ರೂವನ್ನು ಹಗಲು ಇರುಳಿಗೆ ಕೇಳಿದ, ದಗ್ದಾ ಕೊಟ್ಟ. ಅವಧಿ ಮುಗಿದು ಬಿಟ್ಟುಕೊಡು ಎಂದಾಗ ಇಂಗಸ್ ಒಪ್ಪಲಿಲ್ಲ. ಜಗತ್ತು ನಡೆಯುವುದೇ ಹಗಲು ಇರುಳಿನಲ್ಲಿ, ನೀನು ಕೊಟ್ಟದ್ದು ಅದನ್ನೇ ಎಂದ. 'ಹಗಲು ಇರುಳು' ಎಂದರೆ ಒಂದು ದಿನವೂ ಆಗಬಹುದು, ಎಂದೆಂದಿಗೂ ಆಗಬಹುದು. ಈ ಜಾಣ್ಮೆ ಕನ್ನಡದಲ್ಲೂ ಒಂದಕ್ಷರ ಬದಲಾಗದೆ ನಿಲ್ಲುತ್ತದೆ.

ಗವಿಗೆ ಮರಳೋಣ, ನೆರಾ ಹೊಸ್ತಿಲಲ್ಲೇ ನಿಂತಿದ್ದಾನೆ. ನಾನು ಶೀಗೆ ಹೋಗಿದ್ದೆ ಎಂದರೆ ಅವರು ಹೇಗೆ ನಂಬುತ್ತಾರೆ? ಬೇಸಿಗೆಯ ಬೆಳೆ ಒಯ್ಯಿ ಎನ್ನುತ್ತಾಳೆ ಹೆಂಡತಿ. ನೆರಾ ಕಾಡು ಬೆಳ್ಳುಳ್ಳಿ ಕೀಳುತ್ತಾನೆ, ಪ್ರಿಮ್‌ರೋಸ್ ಹೂ ಕೊಯ್ಯುತ್ತಾನೆ, ಹೊಂಬಣ್ಣದ ಜರಿಗಿಡವನ್ನು ಸೇರಿಸಿಕೊಳ್ಳುತ್ತಾನೆ. ನಾನು ಬಸುರಿಯಾಗುತ್ತೇನೆ, ಗಂಡುಮಗು ಹೆರುತ್ತೇನೆ, ನಿನ್ನವರು ಶೀ ಒಡೆಯಲು ಬರುವಾಗ ಮೊದಲು ಹೇಳಿಕಳಿಸು ಎಂದೂ ಅವಳು ಹೇಳುತ್ತಾಳೆ. ತನ್ನ ಲೋಕ ಹಾಳಾಗುವ ದಾರಿಯನ್ನು ತಾನೇ ತೋರಿಸಿಕೊಡುತ್ತಾಳೆ. ಏಕೆಂದು ಕಥೆ ಹೇಳುವುದಿಲ್ಲ. ನನಗೆ ಅವಳ ಬಗ್ಗೆ ಗೌರವವಿದೆ.

ಬನ್ನಿ, ಹೊರಗೆ. ಚಳಿ ಮುಖಕ್ಕೆ ಹೊಡೆಯುತ್ತದೆ. ಕೋಟೆ ಇದ್ದ ಜಾಗದಲ್ಲೇ ಇದೆ. ಬಾಗಿಲು ತಳ್ಳಿದರೆ ಅದೇ ಹೊಗೆ, ಅದೇ ನಾಯಿ, ಅದೇ ಕೊಳ್ಳಿ ಅರ್ಧ ಉರಿದು ಹಾಗೇ ಇದೆ. ಕೊಪ್ಪರಿಗೆಯ ನೊರೆ ನೀವು ಗುರುತು ಮಾಡಿಕೊಂಡಲ್ಲೇ ಇದೆ. ನೆರಾ ಮುಷ್ಟಿ ಬಿಚ್ಚುತ್ತಾನೆ. ಚಳಿಗಾಲದ ಮೊದಲ ರಾತ್ರಿ, ಹೊಗೆ ತುಂಬಿದ ಮನೆಯಲ್ಲಿ, ಹಸಿ ಬೆಳ್ಳುಳ್ಳಿ ಎಲೆಯ ಘಾಟು. ಆಲಿಲ್ ಮಾತಾಡದೆ ಕತ್ತಿಯನ್ನು ಕೊಡುತ್ತಾನೆ.

ಈ ಕಥೆಯ ಒಂದು ಪ್ರತಿ ಇರುವುದು ಲೆಕನ್‌ನ ಹಳದಿ ಪುಸ್ತಕ ಎಂಬ ಹಸ್ತಪ್ರತಿಯಲ್ಲಿ. 14ನೇ ಶತಮಾನದ ಕೊನೆಯ ಹೊತ್ತಿಗೆ ಬರೆದದ್ದು, ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. 1889ರಲ್ಲಿ ಜರ್ಮನ್ ವಿದ್ವಾಂಸ ಕುನೊ ಮೇಯರ್ ಇದನ್ನು ಅಚ್ಚಿಗೆ ತಂದ.

ಕಥೆಯೊಳಗೆ ವರ್ಷ ಉರುಳುತ್ತದೆ. ನೆರಾ ಮತ್ತೆ ಗವಿಗೆ ಇಳಿಯುತ್ತಾನೆ, ಶೀ ಒಡೆಯುವ ಮುನ್ನ ಹೆಂಡತಿಯನ್ನೂ ಮಗುವನ್ನೂ ದನವನ್ನೂ ಹೊರಗೆ ತರಲು. ಬಾಗಿಲಲ್ಲಿ ಅವಳು ಸೌದೆ ಹೊರೆಯೊಂದನ್ನು ತೋರಿಸುತ್ತಾಳೆ. ವರ್ಷವಿಡೀ ಅವನ ಬದಲು ತಾನೇ ಹೊತ್ತಿದ್ದಾಳೆ. ಗಂಡನಿಗೆ ಹುಷಾರಿಲ್ಲ ಎಂದು ರಾಜನಿಗೆ ಹೇಳುತ್ತ, ಬಸುರಿಯಾಗಿ, ಬಾಣಂತಿಯಾಗಿ ಹೊತ್ತಿದ್ದಾಳೆ. ಮಗುವಿಗೆ ಹುಟ್ಟಿದಾಗಲೇ ಒಂದು ಹಸು ಕೊಟ್ಟಿದ್ದಾಳೆ. ಹೋಗು, ಇವತ್ತು ದನ ಕಾಯಿ ಎನ್ನುತ್ತಾಳೆ.

ನೆರಾ ದನ ಕಾಯುತ್ತ ನಿದ್ದೆ ಹೋಗುತ್ತಾನೆ. ಅಷ್ಟು ಹೊತ್ತು ಸಾಕು. ಯುದ್ಧದೇವಿ ಮೋರಿಗನ್ ಬಂದು ಮಗುವಿನ ಹಸುವನ್ನು ಹೊಡೆದುಕೊಂಡು ಹೋಗುತ್ತಾಳೆ. ಅವಳನ್ನು ನೋಡಬೇಕಾದರೆ ಈ ಕ್ಷಣವೇ ನೋಡಿ: ಕೆಂಪು ರಥ, ಕೆಂಪು ಹೊದಿಕೆ, ಕೆಂಪು ಹುಬ್ಬು. ರಥಕ್ಕೆ ಒಂದೇ ಕುದುರೆ, ಕುದುರೆಗೆ ಒಂದೇ ಕಾಲು, ರಥದ ಮೂಕಿ ಅದರ ಮೈಯನ್ನೇ ತೂರಿ ಹಣೆಯಲ್ಲಿ ಹೊರಬಂದಿದೆ. ಕೂ ಖುಲಿನ್ ಅಡ್ಡಗಟ್ಟುತ್ತಾನೆ. ಅವಳು ಕಪ್ಪು ಹಕ್ಕಿಯಾಗಿ ಕೊಂಬೆಯ ಮೇಲೆ ಕೂರುತ್ತಾಳೆ. ಪೂರ್ವದ ಕೂಲ್ನ್ಯದ ಕಂದು ಹೋರಿಗೆ ಹಸುವನ್ನು ಕೂಡಿಸಿ ಅವಳು ಹಿಂದಕ್ಕೆ ತಂದುಬಿಡುತ್ತಾಳೆ. ಆ ಹಸು ಈಯುವ ಕರು ಮುಂದೆ ಮೇವ್‌ನ ದೇಶದ ಬಿಳಿಕೊಂಬಿನ ಹೋರಿಯ ಮೇಲೆ ಬೀಳುತ್ತದೆ, ಸೋತು ಅಂಬಾ ಎನ್ನುತ್ತದೆ. ತನ್ನ ಅಪ್ಪ ಕಂದು ಹೋರಿ ಇದ್ದಿದ್ದರೆ ತೋರಿಸಿಕೊಡುತ್ತಿತ್ತು ಎಂದು ಅದು ಕೂಗುತ್ತಿದೆ ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ಆ ಎರಡು ಹೋರಿಗಳ ಕಾಳಗ ನೋಡುವ ತನಕ ತನಗೆ ನೆಮ್ಮದಿಯಿಲ್ಲ ಎಂದು ಮೇವ್ ಆಣೆ ಇಡುತ್ತಾಳೆ. ಐರ್ಲೆಂಡಿನ ಮಹಾಕಥೆ ತಾನ್ ಹುಟ್ಟುವುದು ಹೀಗೆ. 'ತಾನ್ ಬೋ' ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ, ನಮ್ಮ ವೀರಗಲ್ಲುಗಳ 'ತುರುಗೋಳು' ಅದೇ. ಒಂದು ನಾಡು ಇನ್ನೊಂದರ ಮೇಲೆ ದಂಡೆತ್ತಿ ಹೋಗುವುದಕ್ಕೆ ಮೊದಲ ಎಳೆ, ಹೆಸರಿಲ್ಲದ ತಾಯಿಯೊಬ್ಬಳು ತನ್ನ ಕೂಸಿಗೆ ಕೊಟ್ಟ ಹಸು.

ಕೊನೆಗೆ ಆ ದಿನ ಬರುತ್ತದೆ. ಕೊನಾಖ್ತ್‌ನ ಸೈನ್ಯ, ಜೊತೆಗೆ ಅಲ್ಸ್ಟರ್‌ನಿಂದ ದೇಶಬಿಟ್ಟು ಬಂದ ಫರ್ಗಸ್‌ನ ಕಡೆಯವರು, ಗವಿಯೊಳಗೆ ನುಗ್ಗುತ್ತಾರೆ. ಶೀ ಒಡೆಯುತ್ತದೆ. ಬಾವಿಯಿಂದ ಮುಕುಟ ಎತ್ತುತ್ತಾರೆ, ಸಿಕ್ಕಿದ್ದನ್ನೆಲ್ಲ ಹೊತ್ತು ಹೊರಡುತ್ತಾರೆ. ನೀವು ಗೋಡೆಗೆ ಒತ್ತಿಕೊಂಡು ನಿಲ್ಲಿ, ಅವರು ಹಾದುಹೋಗಲಿ. ಎಷ್ಟೋ ಜನ ನಿಮ್ಮನ್ನು ತಾಕಿಕೊಂಡು ಹೋಗುತ್ತಾರೆ. ಅವರಲ್ಲಿ ನೆರಾ ಇಲ್ಲ.

ಅವನು ತನ್ನವರೊಂದಿಗೆ ಒಳಗೇ ಉಳಿದ ಎಂದು ಕಥೆ ಹೇಳುತ್ತದೆ. ಇಂದಿನವರೆಗೂ ಹೊರಬಂದಿಲ್ಲ, ಜಗತ್ತು ಮುಗಿಯುವ ತನಕ ಬರುವುದೂ ಇಲ್ಲ.

ಸದ್ದು ಅಡಗಿದ ಮೇಲೆ ಇನ್ನೂ ಒಂದು ಕ್ಷಣ ನಿಲ್ಲಿ. ಕಥೆ ಇದನ್ನು ಹೇಳುವುದಿಲ್ಲ, ಆದರೆ ನಾವು ಇಲ್ಲೇ ಇದ್ದೇವಲ್ಲ. ಕುರುಡ ಕುಂಟನನ್ನು ಹೊತ್ತು ಎಂದಿನಂತೆ ಬಾವಿಯ ದಂಡೆಗೆ ಬರುತ್ತಾನೆ.

"ಇದೆಯೇ?" ಎಂದು ಕೇಳುತ್ತಾನೆ.

ಕುಂಟ ಬಾವಿಯೊಳಗೆ ಬಗ್ಗಿ ನೋಡುತ್ತಾನೆ, ಬಹಳ ಹೊತ್ತು. ಆಚೆ ಮನೆಯ ಜಗಲಿಯ ಮೇಲೆ ನೆರಾ ಹೊರೆ ಇಳಿಸುತ್ತಾನೆ. ಒಣಸೌದೆ ನೆಲಕ್ಕೆ ಬೀಳುವ ಸದ್ದಿಗೆ ಒಳಗಿನಿಂದ ಕೂಸು ಎಚ್ಚರಗೊಂಡು ಅಳುತ್ತದೆ.